ಅರಿಶಿನದ ಹೆಬ್ಬೆರಳು

ಇದು ೧೯೭೮ರ ಮಾತು. ನಾರಾಯಣಗೂಡದ ನಮ್ಮ ಕನ್ನಡ ವಾಚನಾಲಯಕ್ಕೆ ಧಾರವಾಡದಿಂದ ಹೊಸ ಪುಸ್ತಕ ಬಂದರೆ ಮೊದಲು ಒಯ್ಯುತ್ತಿದ್ದವರು ಗೋದಾಬಾಯಿ. ಒಲೆಯ ಮುಂದೆ ಕೂತು ಓದುವ ಅಭ್ಯಾಸ ಅವರದು. ಪುಟದ ಮೂಲೆಗಳಲ್ಲೆಲ್ಲ ಅರಿಶಿನದ ಹೆಬ್ಬೆರಳಿನ ಗುರುತು. ಹತ್ತು ವರ್ಷ ಆ ಹಳದಿ ಕಲೆಗಳ ಹಿಂದೆಯೇ ಓದಿ ನನ್ನ ಹೊಟ್ಟೆ ಉರಿದುಹೋಗಿತ್ತು.

ಆ ಶ್ರಾವಣದಲ್ಲಿ ಅವರು ತೀರಿಕೊಂಡರು. ಸುಳ್ಳೇಕೆ ಹೇಳಲಿ, ನನಗೆ ಮೊದಲು ನೆನಪಾದದ್ದು ಮುಂದಿನ ಪಾರ್ಸೆಲ್ಲು.

ದಸರೆಯ ಹೊತ್ತಿಗೆ ಅದು ಬಂತು. ವಾಚನಾಲಯ ನೋಡಿಕೊಳ್ಳುತ್ತಿದ್ದ ಜಯತೀರ್ಥರಾಯರು ನನ್ನೆದುರೇ ದಾರ ಕತ್ತರಿಸಿ, "ತಗೋರಿ ನಲಿನಿಬಾಯಿ, ಈ ಸಲ ನೀವ ಮೊದಲು. ಹಾಳಿ ಸೈತ ಬಿಡಿಸಿಲ್ಲ ನೋಡ್ರಿ," ಎಂದರು. ನಿಜ, ಅಚ್ಚಿನ ಮನೆಯಲ್ಲಿ ಕತ್ತರಿಸದೆ ಬಿಟ್ಟಿದ್ದ ಮಡಿಸಿದ ಹಾಳೆಗಳ ಅಂಚು ಇನ್ನೂ ಕೂಡಿಕೊಂಡೇ ಇತ್ತು.

ಮಧ್ಯಾಹ್ನ ಮನೆಯಲ್ಲಿ ಬ್ಲೇಡಿನಿಂದ ಮೊದಲ ಮಡಿಕೆ ಸೀಳಿದೆ. ಒಗ್ಗರಣೆಯ ವಾಸನೆ ಬಂತು. ನಮ್ಮ ಒಲೆ ಆರಿ ತಾಸಾಗಿತ್ತು. ಒಳಪುಟದ ಮೂಲೆಯಲ್ಲಿ ಅದೇ ಹಳದಿ ಹೆಬ್ಬೆರಳು. ಎರಡನೆಯ ಮಡಿಕೆ ಸೀಳಿದೆ, ಅಲ್ಲಿಯೂ ಇತ್ತು. ಕೊನೆಯ ಮಡಿಕೆಯದನ್ನು ಸಿಟ್ಟಿನಿಂದ ಉಜ್ಜಿದೆ. ನನ್ನ ಬೆರಳು ಹಳದಿಯಾಯಿತು. ಕಲೆ ಇನ್ನೂ ಹಸಿಯಾಗಿತ್ತು.