ಪರದೆ ಏರುವಾಗಲೇ ಬೆಳಕು

ಪರದೆ ಅಂಗಡಿಯ ವೆಬ್‌ಸೈಟಿನಲ್ಲಿ ಪರದೆ ಮೇಲೇರಿತು. ಪೂರ್ತಿ ಏರಿ ನಿಂತಿತು. ಆಮೇಲೆ, ಆಗಷ್ಟೇ ಅಪ್ಪಣೆ ಸಿಕ್ಕಂತೆ, ಹಿಂದಿನ ಕೋಣೆಯಲ್ಲಿ ಬೆಳಕು ಮೂಡಿತು.

"ಇದೇನ್ರೀ ಇದು?" ಆ ಕೋಣೆಯ ಚಿತ್ರ ಬರೆದವಳು ಸೊಂಟದ ಮೇಲೆ ಕೈಯಿಟ್ಟಳು. "ಪರದೆ ಸರಿಸಿದ ಮೇಲೆ ಬೆಳಕು ಬಾಗಿಲು ತಟ್ಟಿ ಒಳಗೆ ಬರುತ್ತಾ?"

ಕೋಡ್ ಬರೆದವನು ಕನ್ನಡಕ ಒರೆಸಿಕೊಂಡ. ಆಫೀಸಿನವರು ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಮಾತು ಅವನ ತುಟಿಗೆ ಬರುವಷ್ಟರಲ್ಲಿ ಎದುರಿನವರ ಕಾಫಿ ಆರಿಹೋಗಿರುತ್ತಿತ್ತು.

"ಪರದೆ ಏರಿಸೋ ಸ್ಲೈಡು, ಬೆಳಕು ಮೂಡಿಸೋ ಫೇಡು, ಎರಡೂ ರೆಡಿಮೇಡ್ ಎಫೆಕ್ಟು," ಎಂದ. "ಒಂದರ ಹಿಂದೆ ಒಂದು ಬರೆದರೆ ಕ್ಯೂನಲ್ಲಿ ನಿಲ್ತವೆ. ಮೊದಲಿನದು ಮುಗಿಯೋ ತನಕ ಎರಡನೇದು ಕಾಯುತ್ತೆ."

"ಪಾಪ, ನಿಮ್ಮ ಹಾಗೇ."

ಅವನ ಕಿವಿ ಕೆಂಪಾಯಿತು. ಅವಳು ನೋಡಿಯೂ ನೋಡದವಳಂತೆ ಫೋನಿನತ್ತ ತಿರುಗಿದಳು. ಸೋದರತ್ತೆ ಬೆಳಗ್ಗೆಯೇ ಹೇಳಿದ್ದರು: "ಗಂಡಿನ ಕಡೆಯವರಿಗೆ ಸಂಜೆಯೊಳಗೆ ಮಾತು ಕೊಡಬೇಕು ಕಣೇ. ಹೂಂ ಅನ್ನು, ಇಲ್ಲ ಊಹೂಂ ಅನ್ನು." ಊಹೂಂ ಎನ್ನಲು ಕಾರಣ ಬೇಕಿತ್ತು. ಆ ಕಾರಣವೋ, ಎದುರಿಗೇ ಕೂತು ಕೀಬೋರ್ಡ್ ಕುಟ್ಟುತ್ತಿತ್ತು.

"ನಾವೇ ಹೊಸದೊಂದು ಕಟ್ಟೋಣ," ಎಂದ ಅವನು. "ಸ್ಲೈಡು, ಫೇಡು ಎರಡನ್ನೂ ಒಂದೇ ಫಂಕ್ಷನ್ನಿಗೆ ಸೇರಿಸಿ ಒಟ್ಟಿಗೇ ಹೊರಡಿಸೋಣ. ಪರದೆ ಏರೋಕೆ ಎಷ್ಟು ಹೊತ್ತು ಇರಲಿ?"

"ನಿದ್ದೆಯಿಂದ ಎದ್ದವರು ಕಣ್ಣು ಬಿಡೋವಷ್ಟು. ನೋಡಿ, ಹೀಗೆ."

ಅವಳು ಕಣ್ಣು ಮುಚ್ಚಿ, ಮೆಲ್ಲಗೆ ತೆರೆದಳು. ಅಳೆಯಲೆಂದು ನೋಡಿದವನು ಅಳತೆಯನ್ನೇ ಮರೆತ.

"ಇನ್ನೊಂದು ಸಲ..." ಎಂದ.

"ಕೋಡಿಗೋಸ್ಕರಾನಾ?"

ಅವನು ಗಡಬಡಿಸಿ ಸ್ಕ್ರೀನಿನತ್ತ ತಿರುಗಿ ನಾಲ್ಕು ಸಾಲು ಬರೆದ. ಕೀ ಒತ್ತಿದ. ಪರದೆ ಏರುತ್ತಿದ್ದಂತೆಯೇ ಬೆಳಕು ಮೂಡಿತು. ಹಾಡುವವರ ಬಾಯಲ್ಲಿ ಪದಕ್ಕೆ ರಾಗ ಬೆರೆತ ಹಾಗೆ, ಯಾವುದು ಮೊದಲು ಎಂದು ಕೇಳುವಂತೆಯೇ ಇರಲಿಲ್ಲ.

ಇಬ್ಬರೂ ಒಮ್ಮೆಲೇ ಬಾಯಿ ತೆರೆದರು.

"ನೀವು ಹೇಳಿ."

"ಇಲ್ಲ, ನೀವೇ ಮೊದಲು."

"ಅಯ್ಯೋ, ಮತ್ತೆ ಕ್ಯೂ!" ಅವಳು ನಕ್ಕಳು. "ಒಟ್ಟಿಗೇ ಹೇಳೋಣ. ನಿಮ್ಮ ಕೋಡಿಗೆ ಆಗಿದ್ದು ನಿಮಗೆ ಆಗಲ್ವಾ?"

ಆಗಿಯೇಬಿಟ್ಟಿತು. "ನನ್ನನ್ನ ಮದುವೆ ಆಗ್ತೀರಾ?" ಎಂದು ಅವನು ಕೇಳುತ್ತಿದ್ದ ಗಳಿಗೆಯಲ್ಲೇ ಅವಳು "ಹೂಂ" ಎಂದುಬಿಟ್ಟಿದ್ದಳು.

"ಪ್ರಶ್ನೆ ಮುಗಿಯೋ ಮೊದಲೇ ಉತ್ತರಾನಾ?"

"ನಿಮ್ಮ ಪ್ರಶ್ನೆ ಮುಗಿಯೋ ತನಕ ಕಾದಿದ್ದರೆ ನನ್ನ ತಲೆಕೂದಲು ಹಣ್ಣಾಗ್ತಿತ್ತು."

ಫೋನ್ ಗುನುಗಿತು. ಅವನ ಮುಖದಿಂದ ಕಣ್ಣು ಕೀಳದೆ ಅವಳು ಕಿವಿಗಿಟ್ಟುಕೊಂಡಳು.

"ಅತ್ತೆ, ಅವರಿಗೆ ಊಹೂಂ ಅಂತ ಹೇಳಿಬಿಡಿ. ಇದ್ದ ಒಂದು ಹೂಂ ಈಗಷ್ಟೇ ಖರ್ಚಾಗೋಯ್ತು."