ವಾಲ್ದೆಮಾರ್ ಬಿಟ್ಟುಹೋದ ರೋಲು

"ಆಯ್ತಾ ಮರಿ?" ಬಾಗಿಲಾಚೆಯಿಂದ ಬೇಕರಿಯ ಅಮಿಲ್ಕಾರ್ ಕೇಳಿದರು.

"ಇನ್ನೂ ಇಲ್ಲ," ಎಂದಳು ಅನಾಯಿ.

ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ, ಅಂಥ ಕತ್ತಲು. ಸಾಲ್ತೋ ಊರಿನ ಫೋಟೊ ಕ್ಲಬ್ಬಿನ ಡಾರ್ಕ್‌ರೂಮ್ ಅದು. ಸೂಜಿಮೊನೆಯಷ್ಟು ಬೆಳಕು ಬಿದ್ದರೂ ಫಿಲ್ಮು ಹಾಳಾಗುತ್ತದೆ. ಅವಳ ಕೈಯಲ್ಲಿದ್ದ ಫಿಲ್ಮು ವಾಲ್ದೆಮಾರ್ ಅವರದು. ಹೋದ ತಿಂಗಳು ಅವರು ತೀರಿಕೊಂಡಿದ್ದರು.

ಕ್ಲಬ್ಬಿನಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ತೀರಿಕೊಂಡರೆ ಅವರ ಕ್ಯಾಮೆರಾದಲ್ಲಿ ಉಳಿದ ರೋಲನ್ನು, ಅವರ ಹತ್ತಿರ ಕೊನೆಗೆ ಕಲಿತವರೇ ಔಷಧಿಯಲ್ಲಿ ತೊಳೆದು ಚಿತ್ರ ಬರಿಸಬೇಕು. ಉಳಿದವರು ಹೊರಗೆ ಕೂತು ಮಾಟೆ ಕಷಾಯ ಹೀರುತ್ತ ಕಾಯುತ್ತಾರೆ. ಕೊನೆಗೆ ಕಲಿತವಳು ಐದನೇ ಕ್ಲಾಸಿನ ಅನಾಯಿ. ಬೇಡ ಎನ್ನಲು ಬಾಯಿ ಬರಲಿಲ್ಲ. ವಾಲ್ದೆಮಾರ್ ಮುದುಕರಾಗಿದ್ದರೂ, "ನನ್ನ ಅಜ್ಜ ಅಂತ ಕರೆದ್ರೆ ಕ್ಯಾಮೆರಾ ಮುಟ್ಟೋಕೆ ಬಿಡಲ್ಲ. ನಾವಿಬ್ರೂ ಫ್ರೆಂಡ್ಸ್," ಎನ್ನುತ್ತಿದ್ದರು. ಫ್ರೆಂಡಿನ ಕೆಲಸ ಅಂದಮೇಲೆ ಮಾಡಲೇಬೇಕಲ್ಲ.

ಆದರೆ ನಿನ್ನೆ ಕ್ಲಾಸಿನಲ್ಲಿ ಫಕುಂದೊ ಸುಮ್ಮನಿರಬಾರದಿತ್ತಾ? "ಸತ್ತವರ ಫಿಲ್ಮಾ? ಕತ್ತಲಲ್ಲಿ ಅವರೇ ಬಂದು ಇನ್ನೊಂದು ತುದಿ ಹಿಡ್ಕೋತಾರೆ ನೋಡು," ಅಂದುಬಿಟ್ಟಿದ್ದ.

ಅನಾಯಿ ಫಿಲ್ಮನ್ನು ಡಬ್ಬಿಯೊಳಗೆ ಕೂರುವ ಪುಟ್ಟ ಗಾಲಿಗೆ ಸುತ್ತತೊಡಗಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಇದ್ದಕ್ಕಿದ್ದಂತೆ ಫಿಲ್ಮು ನಿಂತಿತು. ಎಳೆದಳು. ಬರಲಿಲ್ಲ. ಆ ಕಡೆಯಿಂದಲೂ ಯಾರೋ ಮೆಲ್ಲನೆ ಎಳೆದಂತಾಯಿತು.

ಅವಳ ಜೀವ ಬಾಯಿಗೆ ಬಂತು. ಲೈಟಿನ ಸ್ವಿಚ್ಚು ಭುಜದ ಪಕ್ಕದಲ್ಲೇ ಇತ್ತು. ಒತ್ತಿದರೆ ಹೆದರಿಕೆ ಹೋಗುತ್ತದೆ. ಆದರೆ ಫೋಟೊಗಳೂ ಹೋಗುತ್ತವೆ. ನೆಲ್ಲಿ ಅವರ ಫೋಟೊ ಕೂಡ. ನೆಲ್ಲಿ ಎಂದರೆ ವಾಲ್ದೆಮಾರ್ ಅವರ ಹೆಂಡತಿ. ಮದುವೆಯಾದಾಗಿನಿಂದ ಗಂಡನ ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿದವರು, ಈ ಸಲ ಮಾತ್ರ ನದಿಯ ಹತ್ತಿರ ನಿಂತು ತೆಗೆಸಿಕೊಂಡಿದ್ದರಂತೆ. ಅದನ್ನು ನೋಡಲೆಂದೇ ಹೊರಗೆ ಕೂತಿದ್ದರು.

"ವಾಲ್ದೆಮಾರ್," ಅನಾಯಿ ಪಿಸುಗುಟ್ಟಿದಳು, "ನೀವೇ ಆದ್ರೆ ಬಿಟ್ಬಿಡಿ. ನಂಗೆ ಭಯ ಆಗ್ತಿದೆ."

ಅವಳು ಬೆರಳಿಂದ ಫಿಲ್ಮಿನ ಅಂಚನ್ನೇ ಹಿಡಿದು ತಡಕುತ್ತ ಹೋದಳು. ಅದು ಅವಳದೇ ಸ್ವೆಟರಿನ ಗುಂಡಿಗೆ ಸಿಕ್ಕಿಕೊಂಡಿತ್ತು.

ಫಿಲ್ಮು ಬೆಳಕು ನುಗ್ಗದ ಆ ಡಬ್ಬಿಯೊಳಗೆ ಸೇರಿದ ಮೇಲೆ ಲೈಟು ಹಾಕಿದಳು. ಒಂದೊಂದೇ ಬಾಟಲಿಯ ಔಷಧಿ ಸುರಿದಳು, ಕುಲುಕಿದಳು, ಚೆಲ್ಲಿದಳು. ನೀರಲ್ಲಿ ತೊಳೆದು, ಬಾಗಿಲು ತೆರೆದು, ಎಲ್ಲರ ಮುಂದೆ ಫಿಲ್ಮನ್ನು ಎತ್ತಿ ಹಿಡಿದಳು.

ಕಿಟಕಿಯ ಗಾಜಿನಂತೆ ಫಿಲ್ಮು ಬರಿದಾಗಿತ್ತು. ಒಂದೂ ಚಿತ್ರವಿಲ್ಲ.

ಅನಾಯಿ ಒಳಗಿನ ಬಾಟಲಿಗಳತ್ತ ತಿರುಗಿ ನೋಡಿದಳು. ಎರಡನೆಯ ಬಾಟಲಿಯನ್ನು ಮೊದಲು ಸುರಿದುಬಿಟ್ಟೆನಾ? ಹಾಗೆ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ. ಬಾಟಲಿಯ ಚೀಟಿ ಓದಿದ್ದೆನಾ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನೆಲ್ಲಿ ಅವರ ಮುಖ ನೋಡಲು ಧೈರ್ಯ ಸಾಲಲಿಲ್ಲ. ಈಗಲೇ ಓಡಿಹೋಗಿ ಇನ್ನೆಂದೂ ಈ ಕ್ಲಬ್ಬಿಗೆ ಕಾಲಿಡಬಾರದು ಅನ್ನಿಸಿತು.

"ನಾನೇ ಹಾಳು ಮಾಡ್ದೆ," ಎಂದಳು.

ಅಮಿಲ್ಕಾರ್ ಕನ್ನಡಕ ಹಣೆಗೇರಿಸಿ ಫಿಲ್ಮನ್ನು ಕಣ್ಣಿನ ಹತ್ತಿರ ತಂದರು. "ಇಲ್ಲ ಮರಿ. ಇಲ್ಲಿ ಅಂಚು ನೋಡು. ಫ್ಯಾಕ್ಟರಿಯವರು ಹಾಕಿರೋ ನಂಬರು ಎಷ್ಟು ಕಪ್ಪಗೆ ಬಂದಿದೆ. ನೀನು ತಪ್ಪು ಔಷಧಿ ಹಾಕಿದ್ರೆ ಇದೂ ಇರ್ತಿರ್ಲಿಲ್ಲ. ನೀನು ಸರಿಯಾಗೇ ತೊಳ್ದಿದ್ದೀಯ."

"ಹಾಗಾದ್ರೆ ಫೋಟೊ ಎಲ್ಲಿ?" ನೆಲ್ಲಿ ಕೇಳಿದರು.

"ತೆಗೆದೇ ಇಲ್ಲ. ಫಿಲ್ಮಿನ ತುದಿನ ಕ್ಯಾಮೆರಾದೊಳಗೆ ಸರಿಯಾಗಿ ಸಿಕ್ಕಿಸಿಲ್ಲ ನಮ್ಮ ವಾಲ್ದೆಮಾರ್. ಕ್ಲಿಕ್ ಕ್ಲಿಕ್ ಅಂತ ಒತ್ತಿದ್ದೇ ಬಂತು, ಫಿಲ್ಮು ಜಾಗ ಬಿಟ್ಟು ಕದಲಿಲ್ಲ." ಅಮಿಲ್ಕಾರ್ ತಲೆ ತಗ್ಗಿಸಿದರು. "ಕ್ಯಾಮೆರಾದಿಂದ ರೋಲ್ ತೆಗೆಯುವಾಗ್ಲೇ ನಂಗೆ ಅನುಮಾನ ಬಂತು. ಹೇಳೋಕೆ ಭಯ ಆಯ್ತು."

ಹೊಸಬರು ಮಾಡುವ ತಪ್ಪು ಅದು. ಅನಾಯಿಯೂ ಮಾಡಿ, ವಾಲ್ದೆಮಾರ್ ಹತ್ತಿರವೇ ಬೈಸಿಕೊಂಡಿದ್ದಳು.

ನೆಲ್ಲಿ ಬಗ್ಗಿ ಆ ಬರಿ ಫಿಲ್ಮನ್ನು ನೋಡಿದರು. ಈಗ ಅಳುತ್ತಾರೆ, ಅಂದುಕೊಂಡಳು ಅನಾಯಿ.

"ಮಧ್ಯಾಹ್ನ ಪೂರ್ತಿ," ಎಂದರು ನೆಲ್ಲಿ. "ಮಧ್ಯಾಹ್ನ ಪೂರ್ತಿ ನನ್ನ ಆ ಬಂಡೆ ಮೇಲೆ ನಿಲ್ಲಿಸಿದ್ದ. ಹೊಟ್ಟೆ ಒಳಗೆಳ್ಕೊಂಡು ನಿಂತೂ ನಿಂತೂ ನಂಗೆ ಬಿಕ್ಕಳಿಕೆ ಬಂತು." ಅವರು ನಕ್ಕುಬಿಟ್ಟರು. ನಗುತ್ತಲೇ ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಫೋಟೊ ಹೇಗೆ ಬರ್ತಿತ್ತು?" ಅನಾಯಿ ಅಂಜುತ್ತಲೇ ಕೇಳಿದಳು.

"ನಂಗೇನು ಗೊತ್ತು? ನನ್ನ ನಾನೇ ನೋಡ್ಕೊಂಡ್ನಾ? ನಂಗೆ ಕಂಡಿದ್ದು ಅವನು. ಪ್ಯಾಂಟು ಮಂಡಿವರೆಗೆ ಮಡಚ್ಕೊಂಡು ನೀರಲ್ಲಿ ನಿಂತಿದ್ದ. ಒಂದು ಕಣ್ಣು ಮುಚ್ಚಿದ್ದ. ಮೀನು ಕಾಲಿಗೆ ಕಚಗುಳಿ ಇಡ್ತಿದೆ ಅಂತ ಕುಣೀತಿದ್ದ."

"ನನ್ನ ಬೇಕರಿಗೂ ಬಂದಿದ್ದ," ಎಂದರು ಅಮಿಲ್ಕಾರ್. "ಮೇಲಿಂದ ತೆಗೀತೀನಿ ಅಂತ ಹಿಟ್ಟಿನ ಮೂಟೆ ಹತ್ತಿದ. ಇಳಿಯೋಕೆ ಬರ್ಲಿಲ್ಲ. ಎತ್ತಿ ಇಳಿಸ್ಬೇಕಾಯ್ತು."

ಅನಾಯಿ ಕೈಯಲ್ಲಿದ್ದ ಫಿಲ್ಮನ್ನು ನೋಡಿದಳು. ಚಿತ್ರಗಳು ಬಂದಿದ್ದರೆ ಇದರಲ್ಲಿ ನೆಲ್ಲಿ ಇರುತ್ತಿದ್ದರು, ಅಮಿಲ್ಕಾರ್ ಇರುತ್ತಿದ್ದರು, ಅವಳೂ ಇರುತ್ತಿದ್ದಳು. ವಾಲ್ದೆಮಾರ್ ಒಂದರಲ್ಲೂ ಇರುತ್ತಿರಲಿಲ್ಲ.

"ನಿನ್ನನ್ನೂ ತೆಗೆದಿದ್ನಾ ಮರಿ?" ನೆಲ್ಲಿ ಕೇಳಿದರು.

"ಹೂಂ. ಸ್ಕೂಲ್ ಗೇಟ್ ಹತ್ರ. ಅವರು ಎಷ್ಟು ಹೇಳಿದ್ರೂ ನಾನು ನಗ್ಲಿಲ್ಲ. ಅದಕ್ಕೆ ಅವರು ಏನು ಮಾಡಿದ್ರು ಗೊತ್ತಾ?"

ನೆಲ್ಲಿ ತಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.