ನಾನೂರ ಹದಿನೇಳರ ಸೀಟಿ

ಏಳು ಕೈಗಳು ಮೇಲೆದ್ದವು. ಅದರಲ್ಲಿ ಒಂದು ಕೈಯಲ್ಲಿ ಅರ್ಧ ಕಡಿದ ಬಿಸ್ಕತ್ತು ಇತ್ತು. ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದುಕೊಂಡು ಬಂದ ಸೀಟಿಯ ಕುತ್ತಿಗೆ ಕೊಯ್ಯಲು ಒಂದು ಬಿಸ್ಕತ್ತೂ ಮತ ಹಾಕಿತಲ್ಲ ಎಂದು ಮೇಸ್ತ್ರಿ ಹಲ್ಲು ಕಡಿದ. ಬೇಡ ಎಂದು ಎದ್ದ ಕೈ ಒಂದೇ, ಅವನದು.

ವಿಷಯ ಇಷ್ಟೇ. ಹಳೆಯ ಉಗಿಬಂಡಿಗಳ ಹುಚ್ಚು ಹಿಡಿದ ಎಂಟು ಜನ ಒಂದು ಸಂಘ ಕಟ್ಟಿಕೊಂಡು, ತುಕ್ಕು ತಿನ್ನುತ್ತ ನಿಂತಿದ್ದ ನಾನೂರ ಹದಿನೇಳನೇ ನಂಬರಿನ ಇಂಜಿನ್ನನ್ನು ಮತ್ತೆ ಓಡಿಸಲು ಹೊರಟಿದ್ದರು. ಹಳೆಯ ಬಾಯ್ಲರು ಕೆಲಸಕ್ಕೆ ಬಾರದೆ ಹೋಗಿ ಹೊಸದು ಬಂದಿತ್ತು. ಹೊಸ ಬಾಯ್ಲರಿನ ಹಬೆಯ ಕೊಳವೆಯ ಥ್ರೆಡ್ಡು, ಅಂದರೆ ತಿರುಪಿನ ಗೆರೆ, ಹೊಸ ಅಳತೆಯದು; ಸೀಟಿಯದು ನೂರು ವರ್ಷ ಹಿಂದಿನದು. ಒಂದಕ್ಕೊಂದು ಕೂರುವುದಿಲ್ಲ. ನಡುವೆ ಇನ್ನೊಂದು ಜೋಡಣೆ ಹಾಕಲು ತಪಾಸಣೆಯವರು ಒಪ್ಪುವುದಿಲ್ಲ. ಆದ್ದರಿಂದ ಸೀಟಿಯ ಬುಡದ ಹಳೆಯ ಥ್ರೆಡ್ಡನ್ನು ಕಡೆದು ತೆಗೆದು ಹೊಸದನ್ನು ಕೊರೆಯಬೇಕು ಎಂದು ಸಂಘ ತೀರ್ಮಾನಿಸಿತು.

ಹೊಸ ಸೀಟಿಯನ್ನೇ ಮಾಡಿ ಹಾಕಿ, ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದಿತ್ತು. ಆದರೆ ಆ ಮಾತು ಅವನ ಬಾಯಿಂದ ಹೊರಡುವಂತಿರಲಿಲ್ಲ. ಹನ್ನೊಂದು ವರ್ಷ ಒಂದೊಂದು ಬೋಲ್ಟಿಗೂ, ಒಂದೊಂದು ವಾಷರಿಗೂ ‘ಅಸಲಿ ಇರುವಾಗ ನಕಲಿ ಯಾಕೆ?’ ಎಂದು ಕೂಗಾಡಿ, ಬೆನ್ನ ಹಿಂದೆ ‘ಅಸಲಿ ಮೇಸ್ತ್ರಿ’ ಎಂಬ ಅಡ್ಡಹೆಸರು ಗಳಿಸಿದವನು ಅವನೇ. ಕಾರ್ಯದರ್ಶಿ ಅದನ್ನೇ ಅವನ ಮುಖಕ್ಕೆ ತಿರುಗಿಸಿ ಹಿಡಿದ.

"ನಕಲಿ ಹಾಕಿದ್ರೆ ನೀವೇ ಮೊದ್ಲು ಬೈತೀರಿ ಮೇಸ್ತ್ರಿಗಳೇ. ಅಸಲಿನೇ ಕೂಗ್ಲಿ ಬಿಡಿ. ಒಂದಿಷ್ಟು ಬುಡ ಕೊರೆದ್ರೆ ಏನು ಹೋಯ್ತು?"

ಈ ಕಾರ್ಯದರ್ಶಿಗೆ ಮೇಸ್ತ್ರಿಯ ಮನಸ್ಸಿನಲ್ಲಿ ಹೆಸರಿರಲಿಲ್ಲ. ಬಣ್ಣದಂಗಡಿ, ಅಷ್ಟೇ. ಬಣ್ಣ ಮಾರಿ ಮಾರಿ ಲೋಕವೆಲ್ಲ ಒಂದು ಮೇಲ್ಪದರ ಎಂದುಕೊಂಡವನು. ಇಂಜಿನ್ನಿಗೆ ಗಿಳಿಹಸಿರು ಬಳಿಯೋಣ, ಅಂಗಡಿಯಲ್ಲಿ ನಾಲ್ಕು ಡಬ್ಬ ಉಳಿದಿದೆ ಎಂದು ಸಭೆಯಲ್ಲೇ ಹೇಳಿದ ಮಹಾನುಭಾವ. ಅಧ್ಯಕ್ಷರು ಹಲ್ಲಿನ ಡಾಕ್ಟರು; ಮೀಟಿಂಗಿಗೂ ಗಾರ್ಡಿನ ಟೋಪಿ ಹಾಕಿಕೊಂಡು ಬರುತ್ತಾರೆ, ಪಿಸ್ಟನ್ನು ಯಾವುದು ಎಂದು ಕೇಳಿದರೆ ಕೆಮ್ಮುತ್ತಾರೆ. ಇವರ ನಡುವೆ ಮೇಸ್ತ್ರಿ ಲೆಕ್ಕಕ್ಕೆ ಇಡುತ್ತಿದ್ದುದು ಒಬ್ಬರನ್ನೇ, ಡ್ರೈವರಜ್ಜನನ್ನು. ಇಪ್ಪತ್ತೆರಡು ವರ್ಷ ಇದೇ ಇಂಜಿನ್ನು ಓಡಿಸಿದ ಎಂಬತ್ತೊಂದರ ಮುದುಕ. ಅವರೂ ಕೈ ಎತ್ತಿಬಿಟ್ಟಿದ್ದರು. "ನಂಗೆ ಅದು ಇನ್ನೊಂದ್ಸಲ ಕೂಗಿದ್ರೆ ಸಾಕಪ್ಪಾ" ಎಂದಿದ್ದರು. ಅದು ಮಾತ್ರ ಮೇಸ್ತ್ರಿಯ ಎದೆಗೆ ನಾಟಿತು.

ಗಾಯಕ್ಕೆ ಉಪ್ಪು ಸವರಿದಂತೆ ಕೊನೆಯ ಮಾತೂ ಬಣ್ಣದಂಗಡಿಯದೇ. "ಲೇಥು ಇರೋದು ನಿಮ್ಮನೇಲಿ ತಾನೆ? ನಿಮ್ಮಷ್ಟು ನೀಟಾಗಿ ಇನ್ಯಾರು ಮಾಡ್ತಾರೆ? ನೀವೇ ತಗೊಂಡ್ಹೋಗಿ, ಆರು ವಾರ ಟೈಮಿದೆ."

ಸೀಟಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಮೇಸ್ತ್ರಿಗೆ ಹೊಳೆಯಿತು. ಕಳ್ಳನ ಕೈಗೆ ಬೀಗದಕೈ ಕೊಟ್ಟು, ಬಾಗಿಲವರೆಗೆ ಬಂದು ಟಾಟಾ ಮಾಡಿ ಕಳಿಸಿದ್ದಾರೆ. ಅವನು ಮುರಿಯಬೇಕಾದ ಬೀಗವೇ ಇಲ್ಲ. ಹೊಸ ಥ್ರೆಡ್ಡಿನ ಒಂದು ಸೀಟಿ ವಾಪಸು ಹೋಗಬೇಕು, ಅಷ್ಟೇ. ಅದು ಯಾವ ಸೀಟಿ ಎಂದು ನೋಡುವ ಕಣ್ಣು ಆ ಶೆಡ್ಡಿನಲ್ಲಿ ಯಾರಿಗಿದೆ? ಅಸಲಿ ಅವನ ಮನೆಯ ಟ್ರಂಕಿನಲ್ಲಿ ಹಳೆಯ ಸ್ವೆಟರಿನೊಳಗೆ ಬೆಚ್ಚಗೆ ಇರುತ್ತದೆ. ಆ ಏಳು ಜನ ನಕಲಿಯ ಕೂಗು ಕೇಳಿ ಆಹಾ ಅಸಲಿ ಎಂದು ಕಣ್ಣು ಮುಚ್ಚುತ್ತಾರೆ, ಅವನು ಪಕ್ಕದಲ್ಲಿ ನಿಂತು ಅದನ್ನು ವರ್ಷಗಟ್ಟಲೆ ನೋಡಬಹುದು. ಇದನ್ನು ಕಳ್ಳತನ ಎನ್ನಲು ಅವನ ಮನಸ್ಸು ಒಪ್ಪಲಿಲ್ಲ. ಕಟುಕರ ಕೈಯಿಂದ ಬಿಡಿಸಿಕೊಂಡು ಬಂದದ್ದು ಎಂದುಕೊಂಡ.

ಕೆಲಸಕ್ಕೆ ಕೂತ. ಮೂವತ್ತು ವರ್ಷ ನೀರು ಸರಬರಾಜಿನ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ ಕೈ ಅದು. ಹಿತ್ತಾಳೆಯನ್ನೂ ಅಂಗಡಿಯಿಂದ ತರಲಿಲ್ಲ. ನಾನೂರ ಹದಿನೇಳನ್ನು ಮಾಡಿದ ಕಾರ್ಖಾನೆಯದೇ ಇನ್ನೊಂದು ಇಂಜಿನ್ನು ಗುಜರಿಗೆ ಹೋದಾಗ ಎತ್ತಿಟ್ಟುಕೊಂಡಿದ್ದ ಬೇರಿಂಗುಗಳನ್ನು ಕರಗಿಸಿ ಎರಕ ಹೊಯ್ದ. ತನ್ನ ನಕಲಿ ಕೂಡ ಇವರ ಅಸಲಿಗಿಂತ ಅಸಲಿಯಾಗಿರುತ್ತದೆ ಎಂದು ಒಬ್ಬನೇ ನಕ್ಕ. ಅಸಲಿಯ ತಲೆಯ ಮೇಲೆ ಹೆಬ್ಬೆರಳು ಒತ್ತಿದಂಥ ಒಂದು ತಗ್ಗು ಇತ್ತು. ಅದನ್ನು ತರಲು ಎರಡು ಎರಕ ಹಾಳಾದವು, ಮೂರನೆಯದಕ್ಕೆ ಬಂತು.

ಇದ್ದ ಒಂದೇ ಅಪಾಯ ಅಜ್ಜನ ಕಿವಿ. ಕಣ್ಣಿಗೆ ಮಣ್ಣೆರಚಬಹುದು, ಇಪ್ಪತ್ತೆರಡು ವರ್ಷ ಒಂದೇ ದನಿ ಕೇಳಿದ ಕಿವಿಗೆ ಏನು ಎರಚುವುದು? ಅದಕ್ಕಾಗಿ ಹದಿನೇಳು ದಿನ ಕಂಪ್ರೆಸರಿನ ಗಾಳಿ ಕೊಟ್ಟು ಎರಡನ್ನೂ ಒಂದಾದ ಮೇಲೊಂದು ಊದಿಸಿದ. ಹಬೆ ಹೊರಡುವ ಸಂದನ್ನು ಕೂದಲೆಳೆಯಷ್ಟು ತೀಡುವುದು, ಊದಿಸುವುದು, ಮತ್ತೆ ತೀಡುವುದು. ಪಕ್ಕದ ಮನೆಯವರು ಎರಡು ಸಲ ಬಂದು ಜಗಳ ಆಡಿ ಹೋದರು. ಕೊನೆಗೆ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು.

"ರೀ, ಒಂದು ಸಾಲ್ದು ಅಂತ ಈಗ ಎರಡಾ?"

"ಒಂದು ಅಳತೆಗೆ" ಎಂದ ಮೇಸ್ತ್ರಿ. "ಈಗ ಕೇಳು. ಮೊದಲು ಕೂಗಿದ್ದು ಯಾವುದು, ಆಮೇಲಿಂದು ಯಾವುದು, ಹೇಳು ನೋಡೋಣ."

ಅವಳು ಎರಡೂ ಕೇಳಿದಳು. "ನಂಗೆ ಎರಡೂ ಒಂದೇ ಕಿರಿಚಾಟ. ಅನ್ನ ಆರ್ತಿದೆ, ಬನ್ನಿ."

ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಕೊಟ್ಟ ಇಷ್ಟು ದೊಡ್ಡ ಸರ್ಟಿಫಿಕೇಟು ಮೇಸ್ತ್ರಿಗೆ ಇನ್ನೊಂದು ನೆನಪಿರಲಿಲ್ಲ.

ಉಳಿದದ್ದು ಬುಡದ ಒಳಮೈಯ ನಂಬರು. ಇಂಜಿನ್ನಿನ ಪ್ರತಿ ಬಿಡಿಭಾಗದ ಒಳಗೂ ಅದರ ನಂಬರು ಒತ್ತಿರುತ್ತದೆ, ವರ್ಕ್‌ಶಾಪಿನಲ್ಲಿ ಒಂದರ ಸಾಮಾನು ಇನ್ನೊಂದಕ್ಕೆ ಸೇರದಿರಲಿ ಎಂದು. ಅಸಲಿಯ 417ರಲ್ಲಿ ಏಳರ ಬಾಲ ಮುರಿದಿತ್ತು. ಯಾವ ಕಾಲದ ಯಾವ ಫಿಟ್ಟರನ ಅಂಕಿ ಒತ್ತುವ ಪಂಚು ಸವೆದಿತ್ತೋ. ಅಪ್ಪನ ಕಾಲದ ಪಂಚುಗಳ ಡಬ್ಬಿ ತೆಗೆದು, ಏಳರ ಪಂಚಿನ ಬಾಲವನ್ನು ಅಷ್ಟೇ ಮುರಿಯುವಂತೆ ಅರದಲ್ಲಿ ಉಜ್ಜಿದ. ಅರ್ಧ ದಿನ ಹಿಡಿಯಿತು. ಏಳು ಹುಟ್ಟಿದಾಗ ಅದು ಅಸಲಿಯ ಏಳರ ಅವಳಿ. ಆ ಸಂತೋಷದಲ್ಲಿ ಶಿಳ್ಳೆ ಹಾಕುತ್ತ ಕೈಯನ್ನು ಅದರ ಪಾಡಿಗೆ ಬಿಟ್ಟ; ಸುತ್ತಿಗೆ ಕೆಲಸ ಮುಗಿಸಿತು, ಪಂಚುಗಳು ಡಬ್ಬಿಗೆ ಮರಳಿದವು. ಮತ್ತೆ ಮಸಿ, ಎಣ್ಣೆ, ಇಟ್ಟಿಗೆ ಪುಡಿ ಕಲಸಿ ಒಳಮೈಗೆಲ್ಲ ದಪ್ಪಗೆ ಮೆತ್ತಿ ಕುಲುಮೆಯಲ್ಲಿಟ್ಟು ಒಣಗಿಸಿದ. ನೂರು ವರ್ಷದ ಕೊಳೆ ಒಂದು ಮಧ್ಯಾಹ್ನಕ್ಕೆ ಸಿದ್ಧವಾಯಿತು.

ಶೆಡ್ಡಿಗೆ ತಂದು ಮೇಜಿನ ಮೇಲಿಟ್ಟಾಗ ಹಲ್ಲಿನ ಡಾಕ್ಟರು ಎರಡು ಕೈಯಲ್ಲೂ ಎತ್ತಿಕೊಂಡು, "ಹಳೇ ಕಾಲದ್ದು ಅಂದ್ರೆ ತೂಕನೇ ಬೇರೆ ಕಣ್ರೀ" ಎಂದರು. ಮೇಸ್ತ್ರಿ ಬೇರೆ ಕಡೆ ನೋಡಿದ. ಇನ್ನೊಂದು ಕ್ಷಣ ನೋಡಿದ್ದರೆ ನಗು ಬಂದುಬಿಡುತ್ತಿತ್ತು.

ಕೂರಿಸುವಾಗ ಒಂದು ಸಣ್ಣ ಜಗಳವಾಯಿತು. ಬಣ್ಣದಂಗಡಿ ಥ್ರೆಡ್ಡಿಗೆ ಸುತ್ತಲು ನಲ್ಲಿ ರಿಪೇರಿಯ ಬಿಳಿ ಟೇಪು ತಂದಿದ್ದ. ಮೇಸ್ತ್ರಿ ಕೆರಳಿದ. ಆ ಕಾಲದಲ್ಲಿ ಸುತ್ತುತ್ತಿದ್ದುದು ಅಗಸೆ ಎಣ್ಣೆಯಲ್ಲಿ ನೆನೆಸಿದ ಸೆಣಬಿನ ನಾರು, ನಾರೇ ಆಗಬೇಕು. ನಕಲಿ ಸೀಟಿಗೆ ಅಸಲಿ ನಾರು ಬೇಕೆಂದು ಅಷ್ಟು ಹೊತ್ತು ಗಂಟಲು ಹರಿದುಕೊಳ್ಳುವ ಅಗತ್ಯವಿರಲಿಲ್ಲ. ಆದರೆ ಸುಮ್ಮನಿದ್ದರೆ ಅವರಿಗೆ ಅನುಮಾನ ಬರಬಹುದಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಬಿಳಿ ಟೇಪು ಕಂಡರೇ ಆಗುತ್ತಿರಲಿಲ್ಲ. ಈ ಸಲ ಏಳು ಕೈಗಳು ಅವನ ಕಡೆ ಎದ್ದವು.

"ನಿಮ್ ಹತ್ರ ಸೋತೆ ಮಾರಾಯ್ರೇ" ಎಂದು ಬಣ್ಣದಂಗಡಿ ನಕ್ಕ. "ನೀವು ಮಾಡಿದ ರೂಲ್ಸೇ ಈ ಶೆಡ್ಡಿನ ಕಾನೂನು."

ಅದು ಸುಳ್ಳೂ ಅಲ್ಲ. ಸಂಘದ ನಿಯಮಗಳಲ್ಲಿ ಆರನೆಯದು ಮೇಸ್ತ್ರಿಯದೇ. ರಿಪೇರಿಯಾದ ಹಳೆಯ ಭಾಗಕ್ಕೆ ಏನೂ ಗುರುತು ಹಾಕಬಾರದು. ಹೊಸದಾಗಿ ಮಾಡಿದ್ದಕ್ಕೆ ಮಾತ್ರ, ಮುಂದೆ ಯಾರೂ ಅದನ್ನು ಹಳೆಯದೆಂದು ನಂಬಿ ಮೋಸಹೋಗದಂತೆ, ನಂಬರಿನ ಪಕ್ಕದಲ್ಲೇ ಮಾಡಿದವನ ಗುರುತು, ವರ್ಷ ಹಾಕಿ, ಪುಸ್ತಕದಲ್ಲಿ ಬರೆಯಬೇಕು. ಒಂಬತ್ತು ವರ್ಷದ ಹಿಂದೆ ಎರಡು ಸಭೆ ಹಾಳು ಮಾಡಿ ಪಾಸು ಮಾಡಿಸಿದ ನಿಯಮ. ಒಂದು ತಿಂಗಳು ಪುಸ್ತಕ ಖಾಲಿ ಇದ್ದದ್ದಕ್ಕೆ ಬಣ್ಣದಂಗಡಿಯನ್ನು ಎಲ್ಲರೆದುರು ಉಗಿದಿದ್ದ.

ಭಾನುವಾರ ಬೆಳಗ್ಗೆ ಬೆಂಕಿ ಹೊತ್ತಿತು. ಹತ್ತೂವರೆಗೆ ಒತ್ತಡ ಏರಿತು. ಸೀಟಿಯ ಹಗ್ಗ ಎಳೆಯುವ ಮರ್ಯಾದೆ ಅಜ್ಜನದು. ಇಬ್ಬರು ತೋಳು ಹಿಡಿದು ಮೇಲೆ ಹತ್ತಿಸಿದರು. ಮೇಸ್ತ್ರಿ ಕೆಳಗೆ ಚಕ್ರದ ಪಕ್ಕ ನಿಂತು ಅಜ್ಜನ ಮುಖವನ್ನೇ ನೋಡುತ್ತಿದ್ದ.

ಸೀಟಿ ಕೂಗಿತು. ಶೆಡ್ಡಿನ ತಗಡು ನಡುಗಿತು. ಅಜ್ಜ ಹಗ್ಗ ಬಿಡಲೇ ಇಲ್ಲ. ಬಿಟ್ಟಾಗ ಅವರ ಕೆನ್ನೆಯೆಲ್ಲ ಒದ್ದೆ.

"ಇವಳೇ ಕಣೋ ಮೇಸ್ತ್ರಿ" ಎಂದರು. "ಇವಳ ದನಿ ನಾನು ಸತ್ತ್ರೂ ಮರೆಯಲ್ಲ. ನಮ್ಮನೆಯೋಳು ಹೋಗೋ ಮುಂಚೆ ಇನ್ನೊಂದ್ಸಲ ಕೇಳ್ಬೇಕಿತ್ತು ಅಂತಿದ್ಲು. ನೀನು ಪುಣ್ಯ ಕಟ್ಕೊಂಡೆ."

ಒಂದು ಗಳಿಗೆ ಮೇಸ್ತ್ರಿಗೆ ನಾಚಿಕೆಯಾಯಿತು. ಆಮೇಲೆ ಅದು ಇಳಿದು, ಅದರ ಜಾಗಕ್ಕೆ ಹಳೆಯ ತಿರಸ್ಕಾರವೇ ಬಂದು ಕೂತಿತು. ಇವರೂ ಅಷ್ಟೇ. ಇಪ್ಪತ್ತೆರಡು ವರ್ಷ ಕೇಳಿದ ಕಿವಿಯಂತೆ! ಎರಡು ಬೇರಿಂಗು ಕರಗಿಸಿ ಕೊಟ್ಟರೆ ಅಳುತ್ತಾರೆ. ಇನ್ನು ಈ ಲೋಕದಲ್ಲಿ ಅಸಲಿ ಯಾವುದೆಂದು ಬಲ್ಲವನು ತಾನೊಬ್ಬನೇ ಎಂದುಕೊಂಡಾಗ ಅವನಿಗೆ ಆದದ್ದು ಸಂತೋಷವೇ.

ಎರಡು ಗಂಟೆ ಕಾಲ ಬಂದವರೆಲ್ಲ ಸರದಿಯಲ್ಲಿ ಸೀಟಿ ಕೂಗಿಸಿದರು. ಮಧ್ಯಾಹ್ನದ ಹೊತ್ತಿಗೆ ಅದರ ಬುಡದಿಂದ ಬಿಸಿನೀರು ತೊಟ್ಟಿಕ್ಕಿ ಡಾಕ್ಟರ ಗಾರ್ಡ್ ಟೋಪಿಯ ಮೇಲೆ ಬಿತ್ತು. ಸೆಣಬಿನ ನಾರು ಸೋರುತ್ತಿತ್ತು. ಬಣ್ಣದಂಗಡಿಗೆ ಹಬ್ಬ. ಒತ್ತಡ ಇಳಿಸಿ, ಸೀಟಿ ಆರಿದ ಮೇಲೆ, ಸ್ಪ್ಯಾನರು ಹಿಡಿದು ತಾನೇ ಮೇಲೆ ಹತ್ತಿದ; ಬಿಳಿ ಟೇಪು ಜೇಬಿನಲ್ಲೇ ಇತ್ತು. ಮೇಸ್ತ್ರಿ ಕುರ್ಚಿಯಿಂದ ಏಳಲೂ ಇಲ್ಲ. ಟೀ ಹೀರುತ್ತ, ಸುತ್ತಿಕೊಳ್ಳಲಿ ಟೇಪು, ನಕಲಿಗೆ ಅದೇ ಸರಿ ಎಂದುಕೊಂಡ.

ಬಣ್ಣದಂಗಡಿ ಸೀಟಿಯನ್ನು ಬಿಚ್ಚಿ ತಂದು, ಅಜ್ಜನ ಪಕ್ಕದ ಮೇಜಿನ ಮೇಲೆ ಬೋರಲು ಹಾಕಿ, ಬಟ್ಟೆ ತುರುಕಿ ಒಳಗೆ ಒರೆಸಿದ. ಒರೆಸುವಂಥದ್ದು ಏನೂ ಉಳಿದಿರಲಿಲ್ಲ. ಕುಲುಮೆಯಲ್ಲಿ ಬೆಂದ ನೂರು ವರ್ಷದ ಕೊಳೆಯನ್ನು ಎರಡು ಗಂಟೆಯ ಹಬೆ ತೊಳೆದುಬಿಟ್ಟಿತ್ತು. ಒಳಮೈ ಹೊಸ ಹಿತ್ತಾಳೆಯಾಗಿ ಥಳಥಳ ಹೊಳೆಯುತ್ತಿತ್ತು. ಅವನು ಕನ್ನಡಕ ಏರಿಸಿ ಬಗ್ಗಿ ನೋಡಿದ, ಅವನ ಮುಖ ಅರಳಿತು. "ಸಿಕ್ಕಿಬಿದ್ರಿ ಮೇಸ್ತ್ರಿಗಳೇ! ಒಂಬತ್ತು ವರ್ಷಕ್ಕೆ ಮೊದಲ ಸಲ ನೀವೇ ಆರನೇ ರೂಲ್ಸು ಮುರಿದಿದೀರಿ, ಇದನ್ನ ಪುಸ್ತಕದಲ್ಲಿ ಬರೆಸೇ ಇಲ್ಲ." ಬಾಲ ಮುರಿದ ಏಳರ ಪಕ್ಕದಲ್ಲಿ, ಒಂಬತ್ತು ವರ್ಷದಲ್ಲಿ ಮೇಸ್ತ್ರಿ ಮಾಡಿಕೊಟ್ಟ ಇನ್ನೂರು ಚಿಲ್ಲರೆ ಭಾಗಗಳಿಗೂ ನಂಬರು ಹೊಡೆದ ಮೇಲೆ ಕೈ ತಾನಾಗಿ ಹೊಡೆಯುತ್ತಿದ್ದ ಹಾಗೆಯೇ, ಅಪ್ಪನಿಂದ ಮೇಸ್ತ್ರಿಗೆ ಬಂದ ಮೂರೆಲೆಯ ಗುರುತು, ಅದರ ಕೆಳಗೆ ಈ ವರ್ಷದ ಕೊನೆಯ ಎರಡು ಅಂಕಿ ಅಚ್ಚುಕಟ್ಟಾಗಿ ಕೂತಿದ್ದವು. ಕಣ್ಣು ಒರೆಸಿಕೊಳ್ಳುತ್ತಿದ್ದ ಅಜ್ಜನ ಕೈ ಅಲ್ಲೇ ನಿಂತಿತು. ಬಣ್ಣದಂಗಡಿ ಆಗಲೇ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದಿದ್ದ. "ಸೀಟಿ, ಹೊಸದು, ಒಂದು" ಎಂದು ಜೋರಾಗಿ ಹೇಳಿಕೊಂಡು ಬರೆದ. ಮುಂದಿನ ಕಾಲಮಿಗೆ ಬಂದು ತಲೆ ಎತ್ತಿ, ಮನಸ್ಸಿನಲ್ಲಿ ಏನೂ ಇಲ್ಲದೆ ಕೇಳಿದ: "ಹಾಗಾದ್ರೆ ಹಳೇದು ಎಲ್ಲಿದೆ ಅಂತ ಬರೀಲಿ?"